ಮೂಗಿನ ಸರಹದ್ದು

ತಾರಿಬೈಲು ಪುರಸಭೆಯ ಪ್ರಕಟಣೆ. ೨೦೫೮ನೆಯ ಇಸವಿ ಫೆಬ್ರವರಿ ಹದಿನಾಲ್ಕನೆಯ ತಾರೀಕು ಗುರುವಾರ, ಬೆಳಿಗ್ಗೆ ಹತ್ತರಿಂದ ಹನ್ನೆರಡು ಗಂಟೆಯವರೆಗೆ, ಹಳೇ ಕಸ್ಟಮ್ಸ್ ಕಟ್ಟಡದ ಸುತ್ತ ಇನ್ನೂರು ಅಡಿಯೊಳಗೆ, ಬೆಳ್ಳಿ ತುಂಬಿಸಿದ ಹಲ್ಲುಳ್ಳ ಯಾವ ನಾಗರಿಕರೂ ಆಕಳಿಸತಕ್ಕದ್ದಲ್ಲ. ಆಕಳಿಕೆ ತಡೆಯಲಾಗದಿದ್ದಲ್ಲಿ ಮೊದಲು ಗಾಳಿಯ ದಿಕ್ಕು ನೋಡಿ, ನಂತರ ಹೊಳೆಯ ಕಡೆ ಮುಖ ಮಾಡಿ, ಚುಟುಕಾಗಿ ಆಕಳಿಸತಕ್ಕದ್ದು.

ಈ ಪ್ರಕಟಣೆಯನ್ನು ಆಟೋರಿಕ್ಷಾದ ಮೈಕು ಮೂರು ದಿನ ಊರೆಲ್ಲ ಸಾರಿತು. ಮೀನುಪೇಟೆಯ ಹೆಂಗಸರು ಒಬ್ಬರ ಬಾಯಿಯನ್ನು ಇನ್ನೊಬ್ಬರು ತೆರೆಸಿ ದವಡೆ ತಪಾಸಣೆ ನಡೆಸಿದರು. ಬೆಳ್ಳಿ ಹಲ್ಲು ಹಳೇ ಕಾಲದ್ದು. ಅರವತ್ತು ದಾಟಿದವರ ಬಾಯಲ್ಲಿ ಮಾತ್ರ ಉಳಿದಿತ್ತು. ದುರದೃಷ್ಟವೆಂದರೆ ಪ್ರಕಟಣೆಗೆ ಸಹಿ ಹಾಕಿದ ಪುರಸಭಾಧ್ಯಕ್ಷ ವಿಠೋಬ ಶಾನಭಾಗರ ಬಾಯಲ್ಲೇ ಅಂಥ ಹಲ್ಲು ಮೂರಿದ್ದವು. ಊರಿನ ಇತಿಹಾಸದಲ್ಲೇ ಅತಿ ದೊಡ್ಡ ಸಮಾರಂಭದಲ್ಲಿ ಅಧ್ಯಕ್ಷರು ಎರಡು ತಾಸು ಬಾಯಿ ಮುಚ್ಚಿಕೊಂಡಿರುತ್ತಾರೆ ಎಂಬುದು ಖಚಿತವಾದ ಮೇಲೆಯೇ ವಿರೋಧ ಪಕ್ಷದವರು ಸಮಾರಂಭಕ್ಕೆ ಒಮ್ಮತದ ಒಪ್ಪಿಗೆ ಕೊಟ್ಟದ್ದು.

ಇಷ್ಟೆಲ್ಲ ಕಟ್ಟುಪಾಡು ಒಂದು ಮೂಗಿಗಾಗಿ. ಹಲ್ಲಿಗೆ ತುಂಬುವ ಆ ಬೆಳ್ಳಿಯಲ್ಲಿ ಅರ್ಧದಷ್ಟು ಪಾದರಸವೇ. ಬಾಯಿ ತೆರೆದಾಗಲೆಲ್ಲ ಅದರಿಂದ ಒಂದಿಷ್ಟು ಆವಿ ಹೊರಬೀಳುತ್ತದೆ. ಮನುಷ್ಯರಿಗೆ ಅದು ಲೆಕ್ಕಕ್ಕಿಲ್ಲ. ಆದರೆ ಕಸ್ಟಮ್ಸ್ ಕಟ್ಟಡದಲ್ಲಿ ಕೂತಿದ್ದ ಯಂತ್ರ, ಹೊರಗೆ ರಸ್ತೆಯಲ್ಲಿ ಯಾರು ಆಕಳಿಸಿದರು, ಅವರಿಗೆ ಎಷ್ಟು ಹಲ್ಲು ತುಂಬಿಸಿದೆ ಎಂದು ಹೇಳುವಷ್ಟು ಚುರುಕಾಗಿತ್ತು. ಕಾಗದಪತ್ರಗಳಲ್ಲಿ ಅದರ ಹೆಸರು ಪಾರದಘ್ರಾಣಿ. ಊರವರಿಗೆ ಅಷ್ಟುದ್ದದ ಹೆಸರು ಹಿಡಿಸಲಿಲ್ಲ, ಮೂಗು ಎಂದರು. ಅದೇ ನಿಂತಿತು.

ಮೂಗನ್ನು ಕಟ್ಟಿದವಳು ವನಮಾಲಾ ಅಂಬಿಗ. ವಯಸ್ಸು ನಲವತ್ತಮೂರು, ಅದರಲ್ಲಿ ಹನ್ನೊಂದು ವರ್ಷ ಮೂಗಿಗೇ ಹೋಗಿತ್ತು. ಪಾದರಸ ಹುಡುಕುವ ಯಂತ್ರಗಳು ಮೊದಲೂ ಇದ್ದವು. ಅವು ಪಾದರಸವನ್ನು ತೂಗುತ್ತಿದ್ದವು; ವನಮಾಲೆಯ ಯಂತ್ರ ಎಣಿಸುತ್ತಿತ್ತು, ಅದೂ ಒಂದೊಂದೇ ಪರಮಾಣು. ಹೇಗೆಂದು ಕೇಳಿದವರಿಗೆ ಅವಳು ಬೇಸರಪಡದೆ ವಿವರಿಸುತ್ತಿದ್ದಳು. ಪಾದರಸಕ್ಕೂ ಚಿನ್ನಕ್ಕೂ ಹಳೆಯ ಸಲಿಗೆ, ಯಾವ ಅಕ್ಕಸಾಲಿಗನನ್ನು ಕೇಳಿದರೂ ಹೇಳುತ್ತಾನೆ. ಮಾದರಿಯನ್ನು ಆಮ್ಲದಲ್ಲಿ ಕರಗಿಸಿ ಅದರೊಳಗಿನ ಪಾದರಸವನ್ನೆಲ್ಲ ಆವಿ ಮಾಡಿ ಚಿನ್ನದ ಎಳೆಗಳ ಮೂಲಕ ಹಾಯಿಸಿದರೆ, ಬೇರೆಲ್ಲ ಹಾದುಹೋಗುತ್ತದೆ, ಪಾದರಸ ಮಾತ್ರ ಚಿನ್ನಕ್ಕೆ ಅಂಟಿಕೊಳ್ಳುತ್ತದೆ. ಇದು ಸ್ವರ್ಣಬಲೆ. ಬಲೆಯನ್ನು ಕಾಯಿಸಿದೊಡನೆ ಸಿಕ್ಕಿಬಿದ್ದದ್ದು ಬಿಟ್ಟು ಓಡುತ್ತದೆ. ಓಡಲು ಒಂದು ಸಪೂರ ಕೊಳವೆ. ಅದರಲ್ಲಿ ಬರಿ ಪಾದರಸ ಒಂದು ಹೊತ್ತಿಗೆ ಗುರಿ ಮುಟ್ಟಿದರೆ, ಮೀಥೈಲ್ ಪಾದರಸವೆಂಬ ಅದರ ಸಂಯುಕ್ತ ಇನ್ನೊಂದು ಹೊತ್ತಿಗೆ. ಈ ಎರಡನೆಯವನೇ ಖದೀಮ. ಕೆಸರಿನಿಂದ ಚಿಪ್ಪಿಗೆ, ಚಿಪ್ಪಿಯಿಂದ ಮೀನಿಗೆ, ಮೀನಿನಿಂದ ಮನುಷ್ಯನ ಮಿದುಳಿಗೆ ಮೆಟ್ಟಿಲು ಹತ್ತಿಕೊಂಡು ಬರುವವನು. ಗುರಿಯಲ್ಲಿ ಅತಿನೇರಳೆ ದೀಪ ಕಾದಿರುತ್ತದೆ. ಅದರ ಬೆಳಕು ಬಿದ್ದಾಗ ಪ್ರತಿ ಪಾದರಸದ ಪರಮಾಣು ಒಮ್ಮೆ ಮಿನುಗುತ್ತದೆ. ಆ ಮಿನುಗನ್ನು ಎಣಿಸುವುದೇ ಮಿನುಗೆಣಿಕೆ.

ಸ್ವರ್ಣಬಲೆಯ ಚಿನ್ನ ಅಂಗಡಿಯದ್ದಲ್ಲ. ಯಂತ್ರ ಅರ್ಧಕ್ಕೆ ನಿಂತಿದ್ದಾಗ ತಾರಿಬೈಲಿನ ಇನ್ನೂರ ಹನ್ನೆರಡು ಹೆಂಗಸರು ತಮ್ಮ ಮೂಗುತಿ ಬಿಚ್ಚಿಕೊಟ್ಟಿದ್ದರು. ಅದನ್ನು ಶುದ್ಧ ಮಾಡಿ ಎಳೆ ತೆಗೆಸಲಾಗಿತ್ತು. ಊರಿನ ಮೂಗಿಗೆ ಊರಿನ ಮೂಗುತಿ ಎಂದು ಜನ ಹೇಳಿಕೊಂಡು ತಿರುಗಿದರು. ಮೊದಲು ಬಿಚ್ಚಿದವಳು ಬುದವಂತಜ್ಜಿ. ಈಗ ಎಂಬತ್ತೊಂದು ವರ್ಷ. ಮೂಗಿನ ತೂತು ಮುಚ್ಚಿಹೋಗದಿರಲಿ ಎಂದು ಅಂದು ಸಿಕ್ಕಿಸಿಕೊಂಡ ತೆಂಗಿನ ಕಡ್ಡಿಯ ಚೂರು ಇನ್ನೂ ಅಲ್ಲೇ ಇತ್ತು.

ಅಜ್ಜಿಗೆ ಈ ಯಂತ್ರದಿಂದ ಬೇಕಾಗಿದ್ದದ್ದು ಒಂದೇ. ಅಳಿವೆಯ ಕೆಸರಿಗೆ ಇನ್ನೊಮ್ಮೆ ಕಾಲಿಡಬೇಕು.

ಸೀಗೆಹೊಳೆ ಸಮುದ್ರ ಸೇರುವಲ್ಲಿ, ಇಳಿತ ಬಂದಾಗ ಅರ್ಧ ಮೈಲಿ ಕೆಸರು ತೆರೆದುಕೊಳ್ಳುತ್ತದೆ. ಅದರಡಿಯಲ್ಲಿ ಬಳಚು ಎಂಬ ಚಿಪ್ಪಿ. ಒಂದು ಕಾಲಕ್ಕೆ ತಾರಿಬೈಲಿನ ಅಂಬಿಗ ಹೆಂಗಸರು ಅದನ್ನು ಕಾಲಿನಿಂದಲೇ ಹುಡುಕುತ್ತಿದ್ದರು. ಅಂಗಾಲು ಊರಿದಾಗ ಕೆಳಗೆ ಬಲಿತ ಚಿಪ್ಪಿ ಇದೆಯೋ ಮರಿಯೋ, ಮೊಟ್ಟೆ ಬಿಡುವ ಹೊತ್ತೋ ಅಲ್ಲವೋ, ಮುಂದಿನ ಹೆಜ್ಜೆಗೆ ಕೆಸರು ನುಂಗುತ್ತದೆಯೋ ಬಿಡುತ್ತದೆಯೋ, ಎಲ್ಲ ಕಾಲಿಗೆ ತಿಳಿಯಬೇಕು. ಮರಿಯನ್ನು ಬಿಟ್ಟು ಬಲಿತದ್ದನ್ನಷ್ಟೇ ಎತ್ತುತ್ತಿದ್ದುದರಿಂದ ಬಳಚು ಎಂದೂ ಮುಗಿಯುತ್ತಿರಲಿಲ್ಲ. ಹೊಳೆಯ ಮೇಲ್ಗಡೆಯ ಕಾಸ್ಟಿಕ್ ಸೋಡಾ ಕಾರ್ಖಾನೆಯೊಂದು ವರ್ಷಗಟ್ಟಲೆ ಪಾದರಸ ಬಿಟ್ಟು ಬಾಗಿಲು ಹಾಕಿಕೊಂಡ ಮೇಲೆ, ೨೦೨೭ರಲ್ಲಿ ನಿಷೇಧ ಬಂತು. ಬಳಚು ತೆಗೆಯುವಂತಿಲ್ಲ, ಕೆಸರಿಗೆ ಇಳಿಯುವಂತೆಯೂ ಇಲ್ಲ. ಆಗ ವನಮಾಲಾ ಹನ್ನೆರಡು ವರ್ಷದವಳು. ಅಮ್ಮನ ಜೊತೆ, ಬುದವಂತಜ್ಜಿಯ ಸೆರಗು ಹಿಡಿದು ನಾಲ್ಕು ಸಲ ಇಳಿದಿದ್ದಳು. ಐದನೆಯ ಸಲ ದಡದಲ್ಲಿ ಬೋರ್ಡು ನಿಂತಿತ್ತು.

ಮೂವತ್ತೊಂದು ವರ್ಷದಲ್ಲಿ ಕಾಲು ಬಲ್ಲವರೆಲ್ಲ ಒಬ್ಬೊಬ್ಬರಾಗಿ ತೀರಿಕೊಂಡರು, ವನಮಾಲೆಯ ಅಮ್ಮನೂ ಸೇರಿ. ಉಳಿದವಳು ಬುದವಂತಜ್ಜಿ ಒಬ್ಬಳೇ. ಅವಳ ಮಂಡಿಯೂ ಮುಷ್ಕರ ಹೂಡಿತ್ತು. ಮುಂದಿನ ಮಳೆಗಾಲದ ಹೊತ್ತಿಗೆ ಕೆಸರಲ್ಲಿ ನಿಲ್ಲುವ ಮಾತೇ ಇಲ್ಲ ಎಂದು ಡಾಕ್ಟರು ಹೇಳಿಯಾಗಿತ್ತು. ಕಲಿಯಲು ಆರು ಮಂದಿ ಹೆಂಗಸರು ತಯಾರಿದ್ದರು. ಅವರಿಗೆ ಅಜ್ಜಿ ಅಂಗಳದಲ್ಲಿ ಮರಳು ಸುರಿದು, ತೆಂಗಿನ ಕರಟ ಹೂತು ಕಲಿಸಿ ನೋಡಿದಳು.

"ಇದು ಈಜು ಕಲ್ಸೂಕೆ ಚಾಪೆ ಹಾಸ್ದಂಗೆ ಆಯ್ತಲೆ ಹೆಣ್ಣೆ," ಎಂದಳು ವನಮಾಲೆಗೆ. "ನಿನ್ನ ಯಂತ್ರಕ್ಕೆ ಮೂಗೊಂದೇ ಅದೆ. ನನ್ನ ಕಾಲು ಬಿದ್ದೋಗೂಕೆ ಮುಂಚೆ ಅದ್ರ ಹತ್ರ ಬಾಯಿ ಬಿಡ್ಸು."

ಅಧ್ಯಕ್ಷ ಶಾನಭಾಗರ ಗುರಿ ಇನ್ನೂ ದೊಡ್ಡದು. ಜಿಲ್ಲೆಯಿಂದ ಬಂದ ಪತ್ರದಲ್ಲಿ, ಅಳಿವೆ ಸುರಕ್ಷಿತವೆಂದು ಸಾಬೀತಾದರೆ ನಿಷೇಧ ತೆಗೆಯಲಾಗುವುದು ಎಂದಿತ್ತು. ಅವರಿಗೆ ಸುರಕ್ಷಿತ ಎಂಬುದು ತೀರ ಸಪ್ಪೆ ಎನಿಸಿತು. ತಾರಿಬೈಲನ್ನು ರಸಮುಕ್ತ ನಗರ ಎಂದು ಘೋಷಿಸೋಣ ಎಂದರು. ಹಾಗಾದರೆ ಅದು ನೀರಸ ನಗರ ಆಗುತ್ತದೆ ಎಂದು ನಿವೃತ್ತ ಕನ್ನಡ ಮೇಷ್ಟರೊಬ್ಬರು ಎಚ್ಚರಿಸಿದ್ದರಿಂದ ಅದನ್ನು ಕೈಬಿಟ್ಟು, "ಜಗತ್ತಿನ ಪ್ರಥಮ ಪಾದರಸಶೂನ್ಯ ಅಳಿವೆ" ಎಂದು ಆರಡಿ ಉದ್ದದ ಕರಿಕಲ್ಲಿನ ಮೇಲೆ ಕೆತ್ತಿಸಿದರು. ಕಲ್ಲು ಕೆತ್ತಿಯಾದ ಮೇಲೆ ವನಮಾಲೆಯ ಹತ್ತಿರ ಬಂದು, ಯಂತ್ರ ಸೊನ್ನೆ ತೋರಿಸುತ್ತದೆ ತಾನೇ ಎಂದು ವಿಚಾರಿಸಿದರು.

ಪ್ರಯೋಗಾಲಯದಲ್ಲಿ ಸೊನ್ನೆ ಎಂಬ ಉತ್ತರವೇ ಇಲ್ಲ ಎಂದಳು ವನಮಾಲಾ. ಇಲ್ಲ ಎಂದು ಯಾವ ಯಂತ್ರವೂ ಹೇಳುವುದಿಲ್ಲ, ನನಗೆ ಕಾಣಲಿಲ್ಲ ಎಂದಷ್ಟೇ ಹೇಳುತ್ತದೆ. ಕುರುಡು ಯಂತ್ರಕ್ಕೆ ಬೇಗ ಕಾಣುವುದಿಲ್ಲ, ಚುರುಕು ಯಂತ್ರಕ್ಕೆ ಏನಾದರೂ ಕಂಡೇ ಕಾಣುತ್ತದೆ. ಜ್ವಾಲಾಮುಖಿಯಿಂದ, ಮಳೆಯಿಂದ, ಎಲ್ಲೆಲ್ಲಿಂದಲೋ ಬಂದ ಚೂರು ಪಾದರಸ ಭೂಮಿಯ ಮೇಲಿನ ಪ್ರತಿ ಜೀವಿಯಲ್ಲೂ ಇದೆ, ಶಾನಭಾಗರ ಹಲ್ಲು ಬಿಟ್ಟು ಉಳಿದ ಭಾಗದಲ್ಲೂ ಇದೆ. ಶಾನಭಾಗರು ಗಂಭೀರವಾಗಿ ತಲೆಯಾಡಿಸಿದರು.

"ಅಂದ್ರೆ ಹತ್ರಹತ್ರ ಸೊನ್ನೆ ಅಲ್ವಾ ಮೇಡಮ್. ಕಲ್ಲಲ್ಲಿ ಹತ್ರಹತ್ರ ಅಂತ ಕೆತ್ತೂಕೆ ಜಾಗ ಇಲ್ಲ."

ಗುರುವಾರ ಬಂತು. ಕಸ್ಟಮ್ಸ್ ಕಟ್ಟಡದ ಮುಂದೆ ಶಾಮಿಯಾನ, ಎದುರು ದಡದ ಮೂಡಂಗಡಿ ಊರಿನಿಂದಲೂ ಜನ. ಶಾನಭಾಗರು ಮುಖಕ್ಕೆ ಎರಡು ಪದರದ ಬಟ್ಟೆ ಬಿಗಿದು ಮೊದಲ ಸಾಲಿನಲ್ಲಿ ಕೂತಿದ್ದರು. ಹೇಳಬೇಕಾದ್ದನ್ನು ಚೀಟಿಯಲ್ಲಿ ಬರೆದು ದಾಟಿಸುತ್ತಿದ್ದರು. ಜಿಲ್ಲಾ ಕಚೇರಿಯಿಂದ ವೀಕ್ಷಕಿಯಾಗಿ ಬಂದಿದ್ದ ಇಂದುಮತಿ ನಾಡಕರ್ಣಿ ತೊಡೆಯ ಮೇಲೆ ದಪ್ಪ ಫೈಲಿಟ್ಟುಕೊಂಡಿದ್ದರು. ಬುದವಂತಜ್ಜಿಗೆ ಕುರ್ಚಿ ಕೊಟ್ಟರೂ ಕೂರಲಿಲ್ಲ, ನಿಂತು ಅಭ್ಯಾಸ ಮಾಡಿಕೊಳ್ಳುತ್ತಿದ್ದೇನೆ ಎಂದಳು.

ವನಮಾಲಾ ಮೊದಲು ಬರಿಬಾಟಲಿ ಪರೀಕ್ಷೆ ಮಾಡಿದಳು. ಅಂದರೆ, ಏನೂ ಹಾಕದ ಬಾಟಲಿಯನ್ನು ಮಾದರಿಯಿದ್ದ ಬಾಟಲಿಯಂತೆಯೇ ಆಮ್ಲ, ಆವಿ, ಬಲೆ ಎಲ್ಲದರಿಂದ ಹಾಯಿಸಿ ನೋಡುವುದು. ಕೈಯ ಕೊಳೆ, ಗಾಜಿನ ಕೊಳೆ, ಗಾಳಿಯ ಕೊಳೆ ಎಷ್ಟೆಂದು ಮೊದಲು ಒಪ್ಪಿಕೊಳ್ಳದೆ ಬೇರೆಯವರ ಕೊಳೆ ಹುಡುಕಲು ಹೋಗಬಾರದು ಎಂಬುದು ಈ ಕೆಲಸದ ಮೊದಲ ನಿಯಮ. ಪರದೆಯ ಮೇಲೆ ಮುನ್ನೂರ ನಾಲ್ಕು ಎಂದು ಬಂತು. ದೂರದ ದೇಶಗಳ ದೊಡ್ಡ ಪ್ರಯೋಗಾಲಯಗಳಲ್ಲಿ ಬರಿಬಾಟಲಿಗೇ ಲಕ್ಷದ ಮೇಲೆ ಬರುತ್ತಿತ್ತು. ವನಮಾಲೆಯ ಬೆನ್ನು ತಾನಾಗಿ ನೆಟ್ಟಗಾಯಿತು.

ನಂತರ ಅಳಿವೆಯ ಬಳಚು. ಒಂದು ಸಾಸಿವೆ ಕಾಳನ್ನು ಎರಡು ಸಾವಿರ ಪಾಲು ಮಾಡಿದರೆ ಒಂದು ಪಾಲು ಎಷ್ಟೋ ಅಷ್ಟು ಮಾಂಸ. ದೀಪ ಹತ್ತಿತು. ಎಣಿಕೆ ಏರಿತು, ಏರುತ್ತಲೇ ಹೋಯಿತು, ನಿಂತಿತು.

ಮೀಥೈಲ್ ಪಾದರಸ, ಎರಡು ಕೋಟಿ ಮೂವತ್ತೊಂದು ಲಕ್ಷ ಪರಮಾಣು.

ಕೋಟಿ ಎಂಬ ಶಬ್ದ ಕಿವಿಗೆ ಬಿದ್ದದ್ದೇ ಶಾಮಿಯಾನದ ಕೆಳಗೆ ಜನ ಕುರ್ಚಿ ಬಿಟ್ಟು ಎದ್ದರು. ಶಾನಭಾಗರ ಕಣ್ಣುಗಳು ಬಟ್ಟೆಯ ಮೇಲಿಂದ ಹೊರಗೆ ಬಂದವು. ವನಮಾಲಾ ಮೈಕು ತೆಗೆದುಕೊಂಡು, ಅಷ್ಟೇ ಮಾಂಸದಲ್ಲಿ ಎಪ್ಪತ್ತೈದು ಕೋಟಿಯವರೆಗೆ ಇದ್ದರೂ ತಿನ್ನಲು ಅಡ್ಡಿಯಿಲ್ಲ ಎಂದು ವಿವರಿಸಿದಳು. ಯಾವ ಕಾರ್ಖಾನೆಯೂ ಕಾಣದ ನಡುಸಮುದ್ರದ ದ್ವೀಪವೊಂದರಿಂದ ತರಿಸಿದ ಚಿಪ್ಪಿಯನ್ನು ಹಿಂದಿನ ವಾರ ಎಣಿಸಿದ್ದಳು. ಅದರಲ್ಲಿ ಎರಡು ಕೋಟಿ ತೊಂಬತ್ತು ಲಕ್ಷವಿತ್ತು. ನಮ್ಮ ಹೊಳೆ ಮೂವತ್ತೊಂದು ವರ್ಷ ತನ್ನನ್ನು ತಾನೇ ತೊಳೆದುಕೊಂಡಿದೆ. ತೊಳೆದದ್ದನ್ನು ಒಂದೊಂದೇ ಪರಮಾಣು ಎಣಿಸಿ ಹೇಳಬಲ್ಲ ಊರು ಜಗತ್ತಿನಲ್ಲಿ ಸದ್ಯಕ್ಕೆ ಇದೊಂದೇ, ಎಂದಳು.

ಚಪ್ಪಾಳೆ ನಿಲ್ಲಲು ಬಹಳ ಹೊತ್ತು ಬೇಕಾಯಿತು. ಮೂಡಂಗಡಿಯವರೂ ತಟ್ಟಿದರು. ಮೂಗುತಿ ಕೊಟ್ಟು ಕಡ್ಡಿ ಸಿಕ್ಕಿಸಿಕೊಂಡಿದ್ದ ಮೂಗುಗಳೆಲ್ಲ ಎತ್ತರಕ್ಕೆ ಏರಿದವು. ಇಂದುಮತಿಯವರೂ ಮನಸಾರೆ ತಟ್ಟಿ, ನಿಷೇಧ ತೆಗೆಯುವ ಕಾಗದಕ್ಕೆ ಸಹಿ ಹಾಕಲೆಂದು ಫೈಲು ತೆರೆದರು. ತೆರೆದ ಪುಟವನ್ನು ಓದಿದರು. ಇನ್ನೊಮ್ಮೆ ಓದಿದರು. ಕನ್ನಡಕ ಒರೆಸಿಕೊಂಡು ಮೂರನೆಯ ಸಲ, ಈ ಬಾರಿ ಗಟ್ಟಿಯಾಗಿ ಓದಿದರು.

"ಪುರಸಭೆಯ ಸರಹದ್ದಿನೊಳಗೆ ಲಭ್ಯವಿರುವ ಉಪಕರಣಗಳ ಪೈಕಿ ಅತಿ ಸೂಕ್ಷ್ಮವಾದುದರಲ್ಲಿ ಪಾದರಸದ ಸಂಯುಕ್ತವು ಪತ್ತೆಯಾಗಿಲ್ಲ ಎಂಬ ಫಲಿತಾಂಶ ಬಂದ ಮೇಲೆ, ಹಾಗೂ ಅಂಥ ಫಲಿತಾಂಶ ಇರುವ ತನಕ ಮಾತ್ರ, ನಿಷೇಧವನ್ನು ತೆರವುಗೊಳಿಸತಕ್ಕದ್ದು."

ಮೂವತ್ತೊಂದು ವರ್ಷದ ಹಿಂದೆ ಇದನ್ನು ಬರೆದವರು ಒಳ್ಳೆಯ ಉದ್ದೇಶದಿಂದಲೇ ಬರೆದಿದ್ದರು. ಕೆಟ್ಟ ಯಂತ್ರ ತಂದು ಯಾರೂ ಕಣ್ಣಿಗೆ ಮಣ್ಣೆರಚಬಾರದು ಎಂದು. ಒಳ್ಳೆಯ ಯಂತ್ರಕ್ಕೂ ಏನೂ ಕಾಣದಿದ್ದರೆ ಅದು ಸುರಕ್ಷಿತ ಎಂಬ ಕಾಲ ಅದು. ಯಂತ್ರವೇ ಇಷ್ಟು ಒಳ್ಳೆಯದಾದೀತು ಎಂದು ಯಾರಿಗೂ ಹೊಳೆದಿರಲಿಲ್ಲ. ಜಿಲ್ಲೆಯ ಪತ್ರ ಬರೆದ ಗುಮಾಸ್ತರು ಈ ಸಾಲನ್ನು ಚಿಕ್ಕದು ಮಾಡಿ ಸುರಕ್ಷಿತ ಎಂದು ಬರೆದಿದ್ದರು. ಊರಿನಲ್ಲಿ ಎಲ್ಲರೂ ಓದಿದ್ದು ಆ ಪತ್ರವನ್ನು ಮತ್ತು ದಡದ ಬೋರ್ಡನ್ನು. ಮೂಲ ಆದೇಶವನ್ನು ಒಬ್ಬರೂ ಓದಿರಲಿಲ್ಲ, ವನಮಾಲೆಯೂ. ಕೋಟಿ ಪರಮಾಣುಗಳಲ್ಲಿ ಒಂದನ್ನೂ ಬಿಡದವಳು ಒಂದು ಸಾಲನ್ನು ಬಿಟ್ಟಿದ್ದಳು.

ತಿದ್ದುಪಡಿ ಮಾಡಲಾಗದೇ ಎಂದು ಜನ ಕೇಳಿದರು. ಐದು ಜನರ ಸಮಿತಿ ಸೇರಿ ತಿದ್ದಬಹುದು, ಆದರೆ ಆ ಸಮಿತಿಯನ್ನು ರದ್ದು ಮಾಡಿ ಹದಿನಾಲ್ಕು ವರ್ಷವಾಯಿತು ಎಂದರು ಇಂದುಮತಿ. ಅವರ ಮುಖದಲ್ಲಿ ನಿಜವಾದ ಸಂಕಟವಿತ್ತು.

ಶಾನಭಾಗರಿಂದ ಚೀಟಿ ಬಂತು. ಮೂಗಿಗೆ ಒಂದೇ ಒಂದು ದಿನ ನೆಗಡಿ ಬರಿಸಲು ಸಾಧ್ಯವೇ, ಎಂದು ಬರೆದಿದ್ದರು.

ಸಾಧ್ಯವಿತ್ತು. ದೀಪದ ಬೆಳಕನ್ನು ತುಸು ತಗ್ಗಿಸಿದರೆ ಸಾಕು, ಯಾರಿಗೂ ತಿಳಿಯುತ್ತಿರಲಿಲ್ಲ. ವನಮಾಲಾ ಅಜ್ಜಿಯ ಕಡೆ ನೋಡಿದಳು. ಅಜ್ಜಿ ಊರುಗೋಲಿನ ಮೇಲೆ ಭಾರ ಬದಲಿಸುತ್ತ, ಇನ್ನೂ ನಿಂತೇ ಇದ್ದಳು. ಚೀಟಿಯನ್ನು ಮಡಚಿ ಜೇಬಿಗೆ ಹಾಕಿಕೊಂಡು ವನಮಾಲಾ ನಿಧಾನವಾಗಿ ಹೇಳಿದಳು.

"ಇವತ್ತು ಇಲ್ಲ ಅಂತ ಸುಳ್ಳು ಹೇಳಿದ್ರೆ, ನಾಳೆ ನಿಜವಾಗ್ಲೂ ವಿಷ ಬಂದಾಗ ಇದು ಅದೆ ಅಂದ್ರೂ ಯಾರು ನಂಬ್ತಾರೆ? ಇನ್ನೂರ ಹನ್ನೆರಡು ಮೂಗುತಿ ಕೊಟ್ಟದ್ದು ಮೂಗು ಮುಚ್ಕೊಂಡು ಕೂರೂಕಲ್ಲ."

ಅಜ್ಜಿ ಇಂದುಮತಿಯವರ ಹತ್ತಿರ ಹೋಗಿ, ಓದಿದ್ದನ್ನು ಇನ್ನೊಮ್ಮೆ ಓದಿಸಿದಳು. ಸರಹದ್ದು ಎಂಬಲ್ಲಿ ಕೈಯೆತ್ತಿ ನಿಲ್ಲಿಸಿದಳು.

"ಅಮಾ, ಸರಹದ್ದು ಅಂದ್ರೆ ಎಲ್ಲಿ ತನ್ಕ?"

ಇಂದುಮತಿ ನಕ್ಷೆ ಬಿಚ್ಚಿದರು. ಪುರಸಭೆಯ ಗಡಿ ಇಳಿತದ ನೀರು ಮುಟ್ಟುವಲ್ಲಿಗೆ ಮುಗಿಯುತ್ತಿತ್ತು. ಎದುರಿನ ಮೂಡಂಗಡಿಯದೂ ಅಷ್ಟೇ. ನಡುವಿನ ಆಳದ ನೀರು ಬಂದರಿನವರದು, ಯಾವ ಊರಿಗೂ ಸೇರಿದ್ದಲ್ಲ.

"ನಂಗೊತ್ತು," ಎಂದಳು ಅಜ್ಜಿ. "ಎಲೆಕ್ಷನ್ ದಿನ ಊರಲ್ಲಿ ಸಾರಾಯಿ ಬಂದ್ ಆದ್ರೆ ನಮ್ಮ ಗಂಡಂದ್ರು ದೋಣಿ ಹೊಳೆ ಮಧ್ಯ ನಿಲ್ಸಿ ಕುಡೀತಿದ್ರು. ಪೊಲೀಸ್ರು ದಡದಲ್ಲಿ ನಿಂತು ನೋಡ್ತಿದ್ರು ಅಷ್ಟೆ. ಕುಡ್ಕರಿಗೆ ಆದದ್ದು ಮೂಗಿಗೆ ಆಗೂದಿಲ್ವಾ?"

ಇಂದುಮತಿ ನಕ್ಷೆಯನ್ನೂ ಆದೇಶವನ್ನೂ ಬದಲಿಸಿ ಬದಲಿಸಿ ನೋಡಿದರು. ಮೂಗು ಸರಹದ್ದಿನ ಹೊರಗಿದ್ದರೆ, ಊರಿನೊಳಗೆ ಉಳಿಯುವ ಅತಿ ಸೂಕ್ಷ್ಮ ಉಪಕರಣ ಹೈಸ್ಕೂಲಿನ ಹಳೇ ಯಂತ್ರ. ಅದು ಇಪ್ಪತ್ತೇಳು ವರ್ಷದ್ದು, ಪಾದರಸವನ್ನು ತೂಗುವಂಥದ್ದು. ಅಪಾಯದ ಮಟ್ಟದ ಹತ್ತರಲ್ಲೊಂದು ಪಾಲಿದ್ದರೂ ಹಿಡಿಯುತ್ತದೆ, ಅದಕ್ಕಿಂತ ಕಡಿಮೆಯಾದರೆ ಅದಕ್ಕೆ ಕಾಣುವುದಿಲ್ಲ. ಆದೇಶ ಬರೆದವರ ಮನಸ್ಸಿನಲ್ಲಿದ್ದದ್ದು ಅಂಥ ಯಂತ್ರವೇ. ಇಂದುಮತಿ ತಮ್ಮ ಅಭಿಪ್ರಾಯವೆಂದು ಏನನ್ನೂ ಹೇಳಲಿಲ್ಲ, ಸರಹದ್ದು ಎಂಬ ಪದದ ಕೆಳಗೆ ಪೆನ್ಸಿಲಿನಿಂದ ಒಂದು ಗೆರೆ ಎಳೆದರು.

ಈಗ ಎಲ್ಲರ ಕಣ್ಣು ವನಮಾಲೆಯ ಮೇಲೆ. ಹನ್ನೊಂದು ವರ್ಷ ಅವಳೇ ನೆಲ ಒರೆಸಿದ ಕೋಣೆ. ದೂಳು ಬರದಂತೆ ಕಿಟಕಿಗೆ ಅವಳೇ ಅಂಟಿಸಿದ ಪಟ್ಟಿ. ದೇಶವಿದೇಶದಿಂದ ಜನ ಬಂದು ಈ ಊರಿನ ಹೆಸರು ಹೇಳಿ ಈ ಬಾಗಿಲಲ್ಲಿ ಚಪ್ಪಲಿ ಬಿಡುತ್ತಾರೆ ಎಂದು ಅವಳು ಅಂದುಕೊಂಡಿದ್ದಳು. ಈಗ ಊರಿಗೆ ಅವಳ ಯಂತ್ರದಿಂದ ಆಗಬೇಕಾದ ಉಪಕಾರ ಒಂದೇ, ಅದು ಊರು ಬಿಡುವುದು. ಅವಳು ಬಹಳ ಹೊತ್ತೇನೂ ಯೋಚಿಸಲಿಲ್ಲ. ಒಳಗೆ ಹೋಗಿ ಸ್ಕ್ರೂಡ್ರೈವರ್ ತಂದು, ಮೂಗನ್ನು ನೆಲಕ್ಕೆ ಬಿಗಿದಿದ್ದ ಮೊದಲ ಸ್ಕ್ರೂವನ್ನು ತಾನೇ ಬಿಚ್ಚಿದಳು.

ಸೇತುವೆ ಬಂದ ಮೇಲೆ ಕೆಲಸವಿಲ್ಲದೆ ಕೂತಿದ್ದ ಹಳೇ ಬಾರ್ಜೊಂದಕ್ಕೆ, ಅಂದರೆ ಚಪ್ಪಟೆ ತಳದ ದೊಡ್ಡ ದೋಣಿಗೆ, ಬಣ್ಣ ಬಳಿದರು. ಸೋಮವಾರ ಮೂಗನ್ನು ಅದರ ಮೇಲೇರಿಸಿ ಹೊಳೆಯ ಮಧ್ಯಕ್ಕೆ ಒಯ್ದು ಲಂಗರು ಹಾಕಿದರು. ದಡದಲ್ಲಿ ವಾದ್ಯ ನುಡಿಸುವುದೋ ಬೇಡವೋ ಎಂದು ಗೊಂದಲವಾಗಿ, ಕೊನೆಗೆ ನುಡಿಸಿದರು. ಮಂಗಳವಾರ ಹೈಸ್ಕೂಲಿನ ಯಂತ್ರ ಮೂರು ಸಲ ಕೆಮ್ಮಿ, ಪತ್ತೆಯಾಗಿಲ್ಲ ಎಂದಿತು. ಇಂದುಮತಿ ಸಹಿ ಹಾಕಿದರು. ದಡದ ಹಳೇ ಬೋರ್ಡನ್ನು ಕಿತ್ತು, ಅದೇ ಕಂಬಕ್ಕೆ ವನಮಾಲಾ ಹೊಸದೊಂದು ಹಲಗೆ ಕಟ್ಟಿದಳು. ಅದರಲ್ಲಿ ಬಾರ್ಜಿನ ಮೇಲೆ ಎಣಿಸಿದ ಸಂಖ್ಯೆ, ಪಕ್ಕದಲ್ಲಿ ಎಪ್ಪತ್ತೈದು ಕೋಟಿ. ಆದೇಶಕ್ಕೆ ಬೇಡವಾದರೂ ತಿನ್ನುವವರಿಗೆ ಬೇಕು ಎಂದಳು. ವಾರಕ್ಕೊಮ್ಮೆ ಸಂಖ್ಯೆ ಬದಲಿಸುವುದು ಅಂದಿನಿಂದ ರೂಢಿಯಾಯಿತು.

ಬುಧವಾರ ಬೆಳಿಗ್ಗೆ ಇಳಿತ. ಬುದವಂತಜ್ಜಿ ಊರುಗೋಲನ್ನು ದಡದಲ್ಲೇ ಬಿಟ್ಟು, ವನಮಾಲೆಯ ಹೆಗಲು ಹಿಡಿದು ಕೆಸರಿಗೆ ಇಳಿದಳು. ಹಿಂದೆ ಆರು ಮಂದಿ, ಸೀರೆ ಎತ್ತಿಕಟ್ಟಿ. ಅಜ್ಜಿ ನಾಲ್ಕು ಹೆಜ್ಜೆ ಹೋಗಿ ನಿಂತಳು. ಅಂಗಾಲನ್ನು ಮೆಲ್ಲಗೆ ಎಡಕ್ಕೆ, ಬಲಕ್ಕೆ ಹೊರಳಿಸಿದಳು. ಮುಖದಲ್ಲಿ ಏನೂ ಬದಲಾಗಲಿಲ್ಲ, ವನಮಾಲೆಯ ಹೆಗಲ ಮೇಲಿನ ಬೆರಳುಗಳು ಮಾತ್ರ ಬಿಗಿದವು.

"ಇಲ್ಲಿ ಮರಿ. ಬಿಡಿ, ಮಲ್ಗಿಕೊಳ್ಲಿ," ಎಂದಳು. ಮತ್ತೆರಡು ಹೆಜ್ಜೆ. "ಇಲ್ಲಿ ದೊಡ್ಡದು. ಬಗ್ಗು ವನಮಾಲಾ. ಯಂತ್ರನ ಹೊಳೇಲಿ ಬಿಟ್ಟಾಯ್ತು, ಇನ್ನು ಕಾಲಲ್ಲಿ ಎಣ್ಸು."

ವನಮಾಲಾ ಬಗ್ಗಿ ಕೈ ಹಾಕಿದಳು. ಮೂವತ್ತೊಂದು ವರ್ಷದ ಮೇಲೆ ಅವಳ ಮುಷ್ಟಿಯಲ್ಲಿ ಒಂದು ಬಳಚು ಬಾಯಿ ಬಿಗಿದುಕೊಂಡಿತು.

ಶಾನಭಾಗರು ಸೋಲೊಪ್ಪುವವರಲ್ಲ. ನಿಷೇಧ ತೆರವಾಯಿತಲ್ಲ, ಇನ್ನು ಮೂಗನ್ನು ಮರಳಿ ಊರಿಗೆ ತರುವುದೇ ಸರಿ ಎಂದು, ಅದಕ್ಕೆ ಗುಮ್ಮಟವಿರುವ ಭವನ, ಎದುರಿಗೆ ಕಾರಂಜಿ, ಹೊಸ ಶಿಲಾಫಲಕ, ಸ್ವಾತಂತ್ರ್ಯ ದಿನದಂದು ಎಪ್ಪತ್ತು ದೋಣಿಗಳ ಮೆರವಣಿಗೆ, ಎಲ್ಲವನ್ನೂ ಸಿದ್ಧಪಡಿಸಿದರು. ಮೆರವಣಿಗೆಯ ಆಹ್ವಾನ ಪತ್ರ ಕೈಸೇರಿದ ದಿನವೇ ಇಂದುಮತಿ ಫೋನು ಮಾಡಿ, ಆದೇಶದ ಅದೇ ಸಾಲಿನ ಕೊನೆಯ ಅರ್ಧವನ್ನು ವಿನಯದಿಂದ ನೆನಪಿಸಿದರು. ಅಂಥ ಫಲಿತಾಂಶ ಇರುವ ತನಕ ಮಾತ್ರ. ಅಂದರೆ ಮೂಗು ಇಳಿತದ ಗೆರೆ ದಾಟಿ ಊರೊಳಗೆ ಬಂದ ಮರುಗಳಿಗೆ ನಿಷೇಧವೂ ಅದರ ಹಿಂದೆಯೇ ಬರುತ್ತದೆ.

ಭವನದ ತಳಪಾಯದಲ್ಲಿ ಈಗ ಬಲೆ ಒಣಗಿಸುತ್ತಾರೆ. ಪಾದರಸಶೂನ್ಯ ಎಂದು ಕೆತ್ತಿದ ಕರಿಕಲ್ಲು ಹೊಳೆಯ ಮೆಟ್ಟಿಲ ಹತ್ತಿರ ಬೋರಲು ಮಲಗಿದೆ. ಹೆಂಗಸರು ಅದರ ಮೇಲೆ ಬಳಚು ತಿಕ್ಕಿ ತೊಳೆಯುತ್ತಾರೆ. ಆಕಳಿಕೆಗೆ ಇನ್ನು ಯಾವ ನಿಷೇಧವೂ ಬೇಕಾಗಿಲ್ಲ. ಹೊಳೆಯ ನಡುವೆ ಗಾಳಿ ಎಷ್ಟು ಶುದ್ಧವೆಂದರೆ ಬರಿಬಾಟಲಿಯ ಎಣಿಕೆ ಮುನ್ನೂರ ನಾಲ್ಕರಿಂದ ತೊಂಬತ್ತಕ್ಕೆ ಇಳಿದಿದೆ, ಮೂಗು ಮೊದಲಿಗಿಂತ ಮೂರು ಪಟ್ಟು ಚುರುಕಾಗಿದೆ. ಊರಿಗೆ ಮರಳುವ ಅದರ ಆಸೆ ಅಷ್ಟೇ ಪಟ್ಟು ದೂರವಾಗಿದೆ.

ಹೊರಗಿನಿಂದ ಬಂದವರು ದಡದಲ್ಲಿ ನಿಂತು, ಜಗತ್ತಿಗೇ ಹೆಸರಾದ ಯಂತ್ರವನ್ನು ಊರಲ್ಲಿ ಇಟ್ಟುಕೊಳ್ಳದೆ ಹೊಳೆಗೆ ಬಿಟ್ಟಿದ್ದೀರಲ್ಲ ಎಂದು ಕೇಳುವುದುಂಟು. ಬುದವಂತಜ್ಜಿ ಈಗ ಕೆಸರಿಗೆ ಇಳಿಯುವುದಿಲ್ಲ. ಮೆಟ್ಟಿಲ ಮೇಲೆ ಕೂತು, ಆರು ಮಂದಿಯ ಕಾಲುಗಳ ಮೇಲೆ ಕಣ್ಣಿಟ್ಟಿರುತ್ತಾಳೆ. ಅವರು ಕೊಡಿಸಿದ ಹೊಸ ಮೂಗುತಿಯನ್ನು ಒಮ್ಮೆ ಮುಟ್ಟಿಕೊಂಡು ಉತ್ತರ ಕೊಡುತ್ತಾಳೆ.

"ಸಾದಾ ಯಂತ್ರ ಆಗಿದ್ರೆ ಊರಲ್ಲೇ ಇಟ್ಕೊಳ್ತಿದ್ವು. ನಮ್ದು ಎಷ್ಟು ಒಳ್ಳೇದು ಅಂದ್ರೆ, ಊರೊಳಗೆ ತರೂಕೇ ಕಾನೂನು ಬಿಡೂದಿಲ್ಲ."